ಏಳು ವರ್ಷದ ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ತೊಟ್ಟಿ): ನೈಟ್ರೇಟ್ ಸೊನ್ನೆ, ಫಾಸ್ಫೇಟ್ 0.21, ಕೀಟೋ ಪಾಚಿ ಪುಡಿಪುಡಿ, ಹವಳದ ತುದಿ ಬಿಳಿ

ಉಪ್ಪುನೀರು400 (ಪ್ರಶ್ನೆ)

ಏಳು ವರ್ಷದಿಂದ ಓಡುತ್ತಿರುವ ಟ್ಯಾಂಕ್. ಕಲ್ಲು, ಮರಳು ಹಿಡಿದ ಜಾಗ ಕಳೆದು, ಸಂಪ್ (ಕೆಳಗಿನ ಫಿಲ್ಟರ್ ತೊಟ್ಟಿ) ಸೇರಿಸಿ ನಿಜವಾದ ನೀರು 400 ಲೀಟರ್. ಮೇಲೆ ಅಕ್ರೋಪೋರಾ, ಮಾಂಟಿಪೋರಾ ಎಂಬ ಕಲ್ಲುಹವಳಗಳು. ಕೆಳಗೆ ಯೂಫಿಲಿಯಾ ಹವಳ, ಒಂದೆರಡು ಲೆದರ್ ಹವಳ, ಒಂದು ಕಲ್ಲಿನ ತುಂಬ ಪ್ಯಾಲಿಥೋವಾ (ಹವಳದ ಬಳಗದ ಜೀವಿ). ಕಲ್ಲುಗಳ ಅಡಿಯಲ್ಲಿ ತಾವಾಗಿಯೇ ಬೆಳೆದ ಬಿಳಿ, ಹಳದಿ ಸ್ಪಂಜುಗಳಿವೆ. ರೆಫ್ಯೂಜಿಯಂನಲ್ಲಿ (ಪಾಚಿ ಬೆಳೆಸುವ ಪೆಟ್ಟಿಗೆ) ಕೀಟೋಮಾರ್ಫಾ (ಕೀಟೋ) ಪಾಚಿ, ಒಂದು ಮೂಲೆಯಲ್ಲಿ ಕಾಲೆರ್ಪಾ ಪಾಚಿ.

ಇವತ್ತಿನ ಅಳತೆ: ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), 25.5 ಡಿಗ್ರಿ, ಕೆಎಚ್ (ನೀರಿನ ಕ್ಷಾರತೆ, ಹವಳ ಅಸ್ಥಿ ಕಟ್ಟಲು ಬಳಸುವುದು) 10.4, ಕ್ಯಾಲ್ಸಿಯಂ 430, ಮೆಗ್ನೀಸಿಯಂ 1320, ಫಾಸ್ಫೇಟ್ 0.21 (ಕೊನೆಯ ಮೂರೂ ಪಿಪಿಎಂನಲ್ಲಿ, ಅಂದರೆ ಲೀಟರ್‌ಗೆ ಮಿಲಿಗ್ರಾಂ). ನೈಟ್ರೇಟ್ ಕಿಟ್‌ನಲ್ಲಿ ಬಣ್ಣವೇ ಏರುತ್ತಿಲ್ಲ. ಎರಡು ವಾರದ ಹಿಂದೆ ಕೆಎಚ್ 8.0, ಕ್ಯಾಲ್ಸಿಯಂ 420 ಇತ್ತು, ನಡುವೆ ಅಳೆದಿಲ್ಲ. ನಾಲ್ಕು ತಿಂಗಳ ಹಿಂದೆ ನೈಟ್ರೇಟ್ 6, ಫಾಸ್ಫೇಟ್ 0.09. ಡೋಸರ್ (ಕೆಎಚ್, ಕ್ಯಾಲ್ಸಿಯಂ ದ್ರಾವಣ ತಾನಾಗಿ ಹಾಕುವ ಯಂತ್ರ) ದಿನಕ್ಕೆ 1.2 ಕೆಎಚ್ ಲೆಕ್ಕದಲ್ಲೇ ಹಾಕುತ್ತಿದೆ, ಅದನ್ನು ಮುಟ್ಟಿಲ್ಲ.

ನಾಲ್ಕು ತಿಂಗಳಲ್ಲಿ ಬದಲಾದದ್ದು ಮೂರು. ರೆಫ್ಯೂಜಿಯಂ ಲೈಟ್ ದೊಡ್ಡದಾಯಿತು, ದಿನಕ್ಕೆ 16 ಗಂಟೆ ಉರಿಯುತ್ತದೆ. ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ) ತೆಳ್ಳಗೆ ನೊರೆ ಎಳೆಯುವಂತೆ ಹೊಂದಿಸಿದೆ. ಫಿಲ್ಟರ್ ಸಾಕ್ (ನೀರು ಸೋಸುವ ಚೀಲ) 200 ಮೈಕ್ರಾನ್‌ನದು ತೆಗೆದು 10 ಮೈಕ್ರಾನ್‌ನದು ಹಾಕಿದೆ.

ಈಗ ಕಾಣುತ್ತಿರುವುದು: ಕೀಟೋ ಬಿಳಿಚಿಕೊಂಡು ಹಿಡಿದರೆ ಪುಡಿಯಾಗುತ್ತಿದೆ. ಅಕ್ರೋಪೋರಾ ತುದಿಗಳು ಬೆಳ್ಳಗೆ, ಬೆಳವಣಿಗೆಯ ಬಿಳಿ ಅಲ್ಲ, ಸುಟ್ಟ ಹಾಗೆ. ಮರಳಿನ ಮೇಲೆ ಕಂದು ಲೋಳೆ; ಮಧ್ಯಾಹ್ನ ಗುಳ್ಳೆ ಹೊತ್ತು ದಾರದಂತೆ ಏಳುತ್ತದೆ, ರಾತ್ರಿ ಅರ್ಧಕ್ಕರ್ಧ ಮಾಯ. ಮಾಂಟಿಪೋರಾದ ಬುಡಕ್ಕೆ ಕಪ್ಪು ಬೂದು ಬಣ್ಣದ ನುಣುಪು ಸ್ಪಂಜು ಹತ್ತಿಕೊಂಡಿದೆ. ಕಲ್ಲಿನಡಿಯ ಹಳದಿ ಸ್ಪಂಜು ಮಾತ್ರ ಸೊರಗುತ್ತಿದೆ.

ಜಿಎಫ್‌ಒ (ಫಾಸ್ಫೇಟ್ ಹೀರುವ ಕಬ್ಬಿಣದ ಹರಳು) ಹಾಕಿ ಫಾಸ್ಫೇಟ್ ಇಳಿಸಿ, 40% ನೀರು ಬದಲಿಸಿ, ಸ್ಪಂಜು ಹತ್ತಿದ ಕಲ್ಲನ್ನು ಹೊರಗೆ ತೆಗೆದು ಕೆರೆಯೋಣ ಅಂತ ಯೋಚನೆ. ಈ ಕ್ರಮ ಸರಿಯೇ?

ಕೆಎಚ್_ಲೆಕ್ಕ

ಮೂರರಲ್ಲಿ ಒಂದನ್ನೂ ಈ ವಾರ ಮಾಡಬೇಡಿ.

ನಿಮ್ಮಲ್ಲಿ ಫಾಸ್ಫೇಟ್ ಏರಿದ್ದಕ್ಕೆ ಕಾರಣವೇ ನೈಟ್ರೇಟ್ ಮುಗಿದದ್ದು. ಪಾಚಿಗೆ ಎರಡೂ ಬೇಕು, ಒಂದು ಖಾಲಿಯಾದರೆ ಇನ್ನೊಂದು ಎಷ್ಟೇ ಇದ್ದರೂ ಮುಟ್ಟುವುದಿಲ್ಲ. ತೇಲು ಸೂಕ್ಷ್ಮಜೀವಿಗಳಲ್ಲಿ ಇಂಗಾಲ, ಸಾರಜನಕ, ರಂಜಕ 106:16:1 ಅನ್ನುವ ಲೆಕ್ಕ ಎಲ್ಲರಿಗೂ ಗೊತ್ತು. ಬುಡ ಊರಿ ಬೆಳೆಯುವ ದೊಡ್ಡ ಕಡಲಪಾಚಿಗೆ ಅದು ಹೊಂದುವುದಿಲ್ಲ. 1983ರಲ್ಲಿ ಅಟ್ಕಿನ್ಸನ್ ಮತ್ತು ಸ್ಮಿತ್ ಕೊಟ್ಟ ಅನುಪಾತ ಸುಮಾರು 550:30:1. ಅಣುವಿನ ಲೆಕ್ಕವನ್ನು ತೂಕಕ್ಕೆ ತಿರುಗಿಸಿದರೆ 1 ಪಿಪಿಎಂ ಫಾಸ್ಫೇಟ್ ಜೊತೆಗೆ ಹತ್ತಿರಹತ್ತಿರ 20 ಪಿಪಿಎಂ ನೈಟ್ರೇಟ್ ಬೇಕು. ಅಂದರೆ ಕೀಟೋ 0.21ರಿಂದ 0.08ಕ್ಕೆ ಇಳಿಸಬೇಕಾದರೆ ನೀರಿನಲ್ಲಿರುವುದಕ್ಕೇ 2.5 ಪಿಪಿಎಂ ನೈಟ್ರೇಟ್ ತಿನ್ನುತ್ತದೆ. ಕಲ್ಲು, ಮರಳಿನಲ್ಲಿ ಏಳು ವರ್ಷ ಹಿಡಿದಿಟ್ಟ ಫಾಸ್ಫೇಟ್ ಹೊರಬರುವುದು ಬೇರೆ. ನಿಮ್ಮಲ್ಲಿ ಇರುವುದು ಸೊನ್ನೆ. ಕೀಟೋ ಹಸಿದು ಸಾಯುತ್ತಿದೆ, ಅಷ್ಟೇ.

ಈ ಹೊತ್ತಿಗೆ ಜಿಎಫ್‌ಒ ಹಾಕಿದರೆ ಎರಡೂ ಸೊನ್ನೆ. ಮರಳಿನ ಲೋಳೆಗೆ ಅದಕ್ಕಿಂತ ಹಬ್ಬ ಬೇರೆ ಇಲ್ಲ. ಫಾಸ್ಫೇಟ್ ಧಡಾರನೆ ಬಿದ್ದರೆ ಅಕ್ರೋಪೋರಾ ಬುಡದಿಂದ ಚರ್ಮ ಬಿಡುವುದೂ ಉಂಟು.

ಆದರೆ ಮೊದಲ ಕೆಲಸ ನೈಟ್ರೇಟ್ ಅಲ್ಲ, ಕೆಎಚ್. ತುದಿ ಸುಟ್ಟಿರುವುದು ಅದರಿಂದ. ಹವಳ ಹಸಿದಾಗ ಬೆಳವಣಿಗೆ ನಿಧಾನಿಸುತ್ತದೆ, ಬಳಕೆ ಇಳಿಯುತ್ತದೆ, ಡೋಸರ್‌ಗೆ ಅದು ತಿಳಿಯದು. ಆಹಾರ ಕಡಿಮೆ, ಕೆಎಚ್ ಜಾಸ್ತಿ: ಅಸ್ಥಿ ಮುಂದೆ ಓಡುತ್ತದೆ, ಮೇಲೆ ಹೊದೆಯುವ ಮಾಂಸ ಹಿಂದೆ ಬೀಳುತ್ತದೆ, ತುದಿ ಬೆತ್ತಲೆಯಾಗುತ್ತದೆ. ಕ್ಯಾಲ್ಸಿಯಂ ಹೆಚ್ಚುಕಡಿಮೆ ಅಲ್ಲೇ ಇದೆಯಲ್ಲ, ಡೋಸ್ ಸರಿ ಇರಬೇಕು ಅಂತ ಅಂದುಕೊಳ್ಳಬೇಡಿ. ಹವಳ 2.8 ಕೆಎಚ್ ಬಳಸುವಾಗ ಕ್ಯಾಲ್ಸಿಯಂ ಬಳಸುವುದು 20 ಪಿಪಿಎಂ ಮಾತ್ರ. 8.0ರಿಂದ 10.4 ಅಂದರೆ 2.4 ಏರಿಕೆ, ಅದಕ್ಕೆ ಸರಿಸಮ ಕ್ಯಾಲ್ಸಿಯಂ ಏರಿಕೆ 17. ಕಿಟ್ ತಪ್ಪಿನೊಳಗೇ ಅದು ಮುಚ್ಚಿಹೋಗುತ್ತದೆ. ಹಳೇ ಟ್ಯಾಂಕ್‌ನಲ್ಲಿ ಮೊದಲು ಕೂಗುವುದು ಯಾವಾಗಲೂ ಕೆಎಚ್.

ಹೀಗೆ ಮಾಡಿ. ಇವತ್ತು ಲೈಟ್ ಹತ್ತುವ ಮುಂಚೆ ಕೆಎಚ್ ಎರಡು ಸಲ ಅಳೆಯಿರಿ. ಎರಡಕ್ಕೂ 0.3ಕ್ಕಿಂತ ಹೆಚ್ಚು ಅಂತರ ಬಂದರೆ ಕಿಟ್ಟಿನ ಸಿರಿಂಜ್ ತುದಿಯಲ್ಲಿ ಗಾಳಿ ಗುಳ್ಳೆ ಇದೆಯೇ ನೋಡಿ. ಡೋಸರ್‌ನ ಎರಡೂ ಸಾಲು ನಿಲ್ಲಿಸಿ, ನಾಳೆ ಅದೇ ಹೊತ್ತಿಗೆ ಮತ್ತೆ ಅಳೆಯಿರಿ. ಇಳಿದ ಸಂಖ್ಯೆಯೇ ಈಗಿನ ನಿಜವಾದ ಬಳಕೆ. ಆಮ್ಲ ಹಾಕಿ ಇಳಿಸುವ ಸಾಹಸ ಬೇಡ. ತಾನಾಗಿ ದಿನಕ್ಕೆ 0.3ರಿಂದ 0.5ರಂತೆ ಇಳಿದು 8ಕ್ಕೆ ಬರಲಿ. ಬಳಕೆ ಅದಕ್ಕಿಂತ ಜಾಸ್ತಿ ಬಂದರೆ ಅರ್ಧ ಡೋಸ್ ಹಾಕುತ್ತ ಇಳಿಸಿ.

ತೂಕದ ಲೆಕ್ಕ ಬೇಕಿದ್ದರೆ: 100 ಲೀಟರ್‌ಗೆ 1 ಕೆಎಚ್ ಏರಿಸಲು ಅಡಿಗೆ ಸೋಡಾ 3 ಗ್ರಾಂ, ಅದನ್ನೇ ಹುರಿದು ಸೋಡಿಯಂ ಕಾರ್ಬೊನೇಟ್ ಮಾಡಿದ್ದರೆ 1.9 ಗ್ರಾಂ. ನಿಮಗೆ ಇದರ ನಾಲ್ಕು ಪಟ್ಟು. ಕ್ಯಾಲ್ಸಿಯಂ 10 ಪಿಪಿಎಂ ಏರಿಸಲು 100 ಲೀಟರ್‌ಗೆ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 3.7 ಗ್ರಾಂ.

40% ನೀರು ಬದಲಿಸುವ ಯೋಚನೆ ಏಕೆ ಬೇಡ ಅಂದರೆ, ರೀಫ್ ಉಪ್ಪುಗಳಲ್ಲಿ ಎಷ್ಟೋ 11, 12 ಕೆಎಚ್‌ಗೆ ಕಲೆಯುತ್ತವೆ. ಕಲಸಿದ ನೀರನ್ನು ಅಳೆದು ನೋಡಿ, ಆಮೇಲೆ ಮಾತಾಡೋಣ. ವಾರಕ್ಕೆ 10% ಸಾಕು, ಅದೂ ಲೋಳೆ ತಗ್ಗಿದ ಮೇಲೆ.

ನೈಟ್ರೇಟ್ ಮೂರನೇ ದಿನದಿಂದ. ಆಹಾರ-ದರ್ಜೆಯ ಸೋಡಿಯಂ ನೈಟ್ರೇಟ್ 55 ಗ್ರಾಂ ತೂಗಿ, ಆರ್‌ಒ ನೀರಿನಲ್ಲಿ ಕರಗಿಸಿ ಒಟ್ಟು 1 ಲೀಟರ್ ಮಾಡಿ. ಅದರ 10 ಮಿಲಿಯಲ್ಲಿ 0.55 ಗ್ರಾಂ; ನಿಮ್ಮ 400 ಲೀಟರ್‌ಗೆ ಸರಿಯಾಗಿ 1 ಪಿಪಿಎಂ ನೈಟ್ರೇಟ್. ದಿನಕ್ಕೆ 10 ಮಿಲಿ, ಸಂಜೆ ಅಳತೆ. ಮೊದಲ ಕೆಲವು ದಿನ ಹಾಕಿದ್ದೆಲ್ಲ ಮಾಯವಾಗುತ್ತದೆ, ಗಾಬರಿಯಾಗಿ ಜಾಸ್ತಿ ಸುರಿಯಬೇಡಿ. 3ರಿಂದ 5 ನಿಂತ ಮೇಲೆ ನಿಲ್ಲಿಸಿ. ಪೊಟ್ಯಾಸಿಯಂ ನೈಟ್ರೇಟ್ ಆದರೆ ಅಷ್ಟಕ್ಕೇ 0.65 ಗ್ರಾಂ, ಪ್ರತಿ ಸಲ 0.6 ಪಿಪಿಎಂ ಪೊಟ್ಯಾಸಿಯಂ ಕೂಡ ಸೇರುತ್ತದೆ. ತಿಂಗಳುಗಟ್ಟಲೆ ಹಾಕುವುದಾದರೆ ಲೆಕ್ಕ ಇಡಬೇಕು. ಎರಡೂ ಬೆಂಕಿಗೆ ಪುಷ್ಟಿ ಕೊಡುವ ಪದಾರ್ಥ, ಒಣ ಡಬ್ಬಿಯಲ್ಲಿ ಮುಚ್ಚಿಡಿ. ಮೀನಿಗೆ ಊಟ ಜಾಸ್ತಿ ಮಾಡಿ ನೈಟ್ರೇಟ್ ತರಿಸುವ ಸಲಹೆ ಯಾರಾದರೂ ಕೊಟ್ಟರೆ ಬಿಟ್ಟುಬಿಡಿ, ಊಟದ ಜೊತೆ ಫಾಸ್ಫೇಟ್ ಕೂಡ ಬರುತ್ತದೆ.

ಪಾಚಿಬುಟ್ಟಿ

ಕೆಎಚ್_ಲೆಕ್ಕ ಅವರು ಹೇಳಿದ್ದಕ್ಕೆ ಪಾಚಿ ಕಡೆಯಿಂದ ಸೇರಿಸುವುದು ಇಷ್ಟು.

ಆ 16 ಗಂಟೆ ಲೈಟನ್ನು ಇವತ್ತೇ 8ಕ್ಕೆ ಇಳಿಸಿ. ಹಸಿದ ಕೀಟೋಗೆ ಬೆಳಕು ಜಾಸ್ತಿ ಕೊಡುವುದು ಖಾಲಿ ಹೊಟ್ಟೆಯವನನ್ನು ಬಿಸಿಲಲ್ಲಿ ನಿಲ್ಲಿಸಿದಂತೆ. ಹೊತ್ತು ಮಾತ್ರ ರಾತ್ರಿಯೇ ಇರಲಿ, ಮೇಲಿನ ಟ್ಯಾಂಕ್‌ಗೆ ಕತ್ತಲಾದಾಗ ಇಲ್ಲಿ ಬೆಳಕು. ರಾತ್ರಿ ಪಿಎಚ್ ಕುಸಿಯದಂತೆ ಅದು ಹಿಡಿಯುತ್ತದೆ.

ಈಗ ಕೈ ಹಾಕಿ ನೋಡಿ. ಉಂಡೆಯ ಹೊರಗಿನ ಎರಡು ಬೆರಳು ದಪ್ಪ ಮಾತ್ರ ಹಸಿರು, ಒಳಗೆ ಕಂದು ಕೆಸರು, ಸಣ್ಣ ಸಣ್ಣ ತುಂಡು ಇರುತ್ತದೆ. ಆ ಒಳಗಿನ ಭಾಗ ಕೊಳೆತು ಫಾಸ್ಫೇಟ್ ವಾಪಸ್ ಬಿಡುತ್ತಿದೆ. ಟ್ಯಾಂಕ್ ನೀರು ತುಂಬಿದ ಬಕೆಟ್ಟಿನಲ್ಲಿ ಉಂಡೆಯನ್ನು ಬಿಡಿಸಿ, ಜಾಲಾಡಿಸಿ, ಹಿಡಿದರೆ ಮುರಿಯುವುದನ್ನೆಲ್ಲ ಎಸೆಯಿರಿ. ಗಟ್ಟಿಯಾಗಿ ತಂತಿಯಂತೆ ಪುಟಿಯುವುದು ಎಷ್ಟು ಉಳಿಯುತ್ತದೋ ಅಷ್ಟನ್ನೇ ಸಡಿಲವಾಗಿ ಹರಡಿ. ಒಂದು ಹಿಡಿ ಉಳಿದರೂ ಸಾಕು. ಆ ತುಂಡುಗಳು ರಿಟರ್ನ್ ಪಂಪಿನ (ಸಂಪಿನಿಂದ ನೀರು ಮೇಲೆತ್ತುವುದು) ಬಾಯಿಗೆ ಹೋಗಿ ಅಡ್ಡ ಸಿಗುತ್ತವೆ, ಎರಡು ದಿನ ಜಾಲರಿ ಇಟ್ಟಿರಿ.

ಬಿಳಿಚಿದ್ದು ಯಾವ ಬಿಳುಪು ಅಂತ ನೋಡಬೇಕು. ಪೂರ್ತಿ ತೆಳುವಾಗಿ ಪಾರದರ್ಶಕವಾಗಿ ಪುಡಿಯಾದರೆ ಸಾರಜನಕ ಇಲ್ಲ. ಗಟ್ಟಿಯಾಗೇ ಇದ್ದು ನಿಂಬೆ ಹಳದಿಗೆ ತಿರುಗಿದರೆ ಕಬ್ಬಿಣ ಕಡಿಮೆ ಅಂತ ಅನುಮಾನಿಸಬೇಕು. ನೀವು ಬರೆದದ್ದು ಮೊದಲನೆಯದು. ನೈಟ್ರೇಟ್ 3 ನಿಂತು ಎರಡು ವಾರ ಆದರೂ ಹಳದಿ ಉಳಿದರೆ ಮಾತ್ರ ಕಬ್ಬಿಣದ ಮಾತು. ಅಲ್ಲಿಯವರೆಗೆ ಕಬ್ಬಿಣ ಹಾಕಿದರೆ ಲೋಳೆಗೇ ಊಟ.

ಚೇತರಿಸಿಕೊಂಡ ಮೇಲೆ ವಾರಕ್ಕೊಮ್ಮೆ ಉಂಡೆ ತಿರುಗಿಸಿ, ಪೆಟ್ಟಿಗೆಯ ಮುಕ್ಕಾಲು ತುಂಬಿದ ಕೂಡಲೆ ಮೂರನೇ ಒಂದು ಭಾಗ ತೆಗೆಯಿರಿ. ಅರ್ಧಕ್ಕಿಂತ ಜಾಸ್ತಿ ಒಮ್ಮೆಲೇ ತೆಗೆದರೆ ಆ ವಾರ ಮೇಲಿನ ಗಾಜಿನಲ್ಲಿ ಪಾಚಿ ಕಾಣುತ್ತದೆ.

ಇನ್ನು ಆ ಮೂಲೆಯ ಕಾಲೆರ್ಪಾ. ಅದೇ ನಿಜವಾದ ಅಪಾಯ, ನೀವು ಅದನ್ನು ಒಂದು ಪದದಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿರಿ. ಕಾಲೆರ್ಪಾ ಅಷ್ಟುದ್ದ ಬಳ್ಳಿಯಾದರೂ ಒಂದೇ ಜೀವಕೋಶ, ನಡುವೆ ಗೋಡೆಗಳಿಲ್ಲ. ಪೋಷಕಾಂಶ ಅಥವಾ ಬೆಳಕು ಧಡಕ್ಕನೆ ಬದಲಾದರೆ ಒಳಗಿನದ್ದನ್ನೆಲ್ಲ ಲಿಂಗಾಣುವಾಗಿ (ಸಂತಾನದ ಕೋಶ) ಮಾಡಿ ಒಂದೇ ಬೆಳಗಿನಲ್ಲಿ ನೀರಿಗೆ ಬಿಟ್ಟು ಸಾಯುತ್ತದೆ. ನೀರು ಹಸಿರು ಹಾಲಿನಂತಾಗುತ್ತದೆ, ಸ್ಕಿಮ್ಮರ್ ಉಕ್ಕುತ್ತದೆ, ಆಮ್ಲಜನಕ ಇಳಿಯುತ್ತದೆ. ಹಿಂದಿನ ದಿನವೇ ಸುಳಿವು ಕೊಡುತ್ತದೆ: ಎಲೆಯ ಮೇಲೆ ಸೂಜಿಮೊನೆಯಷ್ಟು ತೆಳು ಹಸಿರು ಚುಕ್ಕೆಗಳ ಜಾಲ, ತುದಿ ಗಾಜಿನಂತೆ. ಕಂಡರೆ ಕತ್ತರಿ ತರಬೇಡಿ, ಕತ್ತರಿಸಿದಲ್ಲೆಲ್ಲ ರಸ ಸೋರುತ್ತದೆ. ಬೇರಿನಿಂದ ಹಿಡಿದು ಬಳ್ಳಿ ಬಳ್ಳಿಯಾಗಿ ಇಡಿಯಾಗಿ ಎಳೆಯಿರಿ. ಬೆಳಕು 16ರಿಂದ 8ಕ್ಕೆ ಇಳಿಸುವ ನಿಮ್ಮಲ್ಲಿ ಇದು ಆಗುವ ಸಾಧ್ಯತೆ ಈಗಲೇ ಜಾಸ್ತಿ. ಲೈಟ್ ಇಳಿಸುವ ಮುಂಚೆ ಕಾಲೆರ್ಪಾವನ್ನು ಪೂರ್ತಿ ತೆಗೆದುಬಿಡುವುದೇ ಒಳ್ಳೆಯದು, ಕೀಟೋ ಇರುವಾಗ ಅದರಿಂದ ಬೇರೆ ಲಾಭವೇನಿಲ್ಲ.

ತೆಗೆದದ್ದನ್ನು ಚರಂಡಿಗೆ, ಕಡಲಿಗೆ ಹಾಕಬೇಡಿ. 1984ರಲ್ಲಿ ಮೊನಾಕೋ ತೀರದಲ್ಲಿ ಒಂದು ಸಣ್ಣ ತೇಪೆಯಾಗಿ ಕಂಡ ಕಾಲೆರ್ಪಾ ಟ್ಯಾಕ್ಸಿಫೋಲಿಯಾ ಮೆಡಿಟರೇನಿಯನ್ ತಳದಲ್ಲಿ ಎಷ್ಟು ಹಬ್ಬಿತೆಂದು ಎಲ್ಲರಿಗೂ ಗೊತ್ತು. ಒಣಗಿಸಿ, ಇಲ್ಲವೇ ಫ್ರೀಜರ್‌ನಲ್ಲಿಟ್ಟು, ಆಮೇಲೆ ಕಸಕ್ಕೆ.

ರಂಧ್ರಜೀವಿ

ಸ್ಪಂಜಿನ ವಿಷಯ. ಕಲ್ಲನ್ನು ಹೊರಗೆ ತೆಗೆಯುವುದು ಬೇಡವೇ ಬೇಡ. ಕಪ್ಪು ಸ್ಪಂಜಿಗೇನೂ ಆಗದಿರಬಹುದು, ಅಡಿಯಲ್ಲಿರುವ ಹಳದಿ ಸ್ಪಂಜು ಮಾತ್ರ ಖಂಡಿತ ಹೋಗುತ್ತದೆ. ಸ್ಪಂಜಿನ ಮೈತುಂಬ ಇರುವ ಸಣ್ಣ ಕಾಲುವೆಗಳೊಳಗೆ ಗಾಳಿ ನುಗ್ಗಿದರೆ ಹೊರಗೆ ಬರುವುದಿಲ್ಲ. ಗುಳ್ಳೆ ನಿಂತ ಜಾಗಕ್ಕೆ ನೀರು ಹರಿಯದೆ ಒಳಗಿನಿಂದ ಕೊಳೆಯುತ್ತದೆ, ಮೂರು ನಾಲ್ಕು ದಿನ ಬಿಟ್ಟು ಅಮೋನಿಯಾ. ಕಲ್ಲು ಸರಿಸಲೇಬೇಕಾದರೆ ನೀರೊಳಗೇ ಅದರಡಿಗೆ ಒಂದು ಟಬ್ ಜಾರಿಸಿ, ಮುಳುಗಿದಂತೆಯೇ ಎತ್ತಿ.

ನೀವು ಹೇಳುವ ಕಪ್ಪು ಬೂದು, ನುಣುಪು, ಮುಟ್ಟಿದರೆ ರಬ್ಬರ್‌ನಂತೆ ಇರುವುದು ನೋಡಲು ಕೋಳಿ ಲಿವರ್ ತುಂಡಿನಂತೆ ಹೊಳೆಯುತ್ತಿದ್ದರೆ ಅದು ಕೊಂಡ್ರಿಲ್ಲಾ ಜಾತಿಯದ್ದು. ಅದರ ಮೈಯಲ್ಲಿ ಸಯನೋಬ್ಯಾಕ್ಟೀರಿಯಾ ಮನೆ ಮಾಡಿರುತ್ತವೆ, ಅದಕ್ಕೇ ಬೆಳಕಿರುವಲ್ಲಿ ಬೆಳೆದು ಹವಳದ ಮೇಲೇರುತ್ತದೆ. ಕತ್ತಲಲ್ಲಿ ಸೊರಗುತ್ತದೆ. ಇದೇ ಅದರ ದುರ್ಬಲ ಜಾಗ.

ಕೆರೆಯುವಾಗ ಹೀಗೆ: ಫ್ಲೋ ಪಂಪು, ರಿಟರ್ನ್ ಎರಡೂ ನಿಲ್ಲಿಸಿ. 6 ಮಿಮೀ ಒಳ ಅಗಲದ ಪೈಪಿನ ತುದಿಗೆ ಸಣ್ಣ ಬ್ಲೇಡ್ ಅಥವಾ ಚಪ್ಪಟೆ ಸ್ಕ್ರೂಡ್ರೈವರ್ ಕಟ್ಟಿ, ನೀರು ಬಕೆಟ್ಟಿಗೆ ಹರಿಯುತ್ತಿರುವಾಗಲೇ ಕೆರೆಯಿರಿ. ತುಂಡಾದದ್ದು ತುಂಡಾದ ಕ್ಷಣವೇ ಪೈಪಿನೊಳಗೆ ಹೋಗಬೇಕು. ತಪ್ಪಿಸಿಕೊಂಡ ಚೂರು ಎಲ್ಲಿ ಕೂರುತ್ತದೋ ಅಲ್ಲಿ ಬೆಳೆಯುತ್ತದೆ. ಮಾಂಟಿಪೋರಾದ ಅಂಚಿನಿಂದ ಒಂದು ಬೆರಳು ಅಗಲ ಬರಿ ಕಲ್ಲು ಕಾಣುವಷ್ಟು ಸಾಕು. ಆ ಪಟ್ಟಿಯ ಮೇಲೆ ನೀರೊಳಗೆ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿಯನ್ನು ಏಣಿನಂತೆ ಒತ್ತಿ. ಉಳಿದ ಸ್ಪಂಜಿನ ಮೇಲೆ ಕಪ್ಪು ಪ್ಲಾಸ್ಟಿಕ್ ತುಂಡನ್ನು ಸಣ್ಣ ಕಲ್ಲಿಟ್ಟು ಎರಡು ಮೂರು ವಾರ ಮುಚ್ಚಿ. ಒಂದೇ ದಿನ ಪೂರ್ತಿ ಕೆರೆದು ತೆಗೆಯುವ ಆಸೆ ಬೇಡ. ಪುಟ್ಟಿ ಒತ್ತಿದ ದಿನ ಸ್ಕಿಮ್ಮರ್ ಉಕ್ಕುತ್ತದೆ, ಕಪ್ ಸಡಿಲ ಮಾಡಿಡಿ.

ಅಡಿಯ ಹಳದಿ ಸ್ಪಂಜಿನ ಕತೆ ಬೇರೆ. ಅದಕ್ಕೆ ಬೆಳಕಿಲ್ಲ, ಊಟ ಪೂರ್ತಿ ನೀರಿನದ್ದೇ: ಬ್ಯಾಕ್ಟೀರಿಯಾ ಗಾತ್ರದ ಕಣಗಳು, ನೀರಿನಲ್ಲಿ ಕರಗಿದ ಸಾವಯವ ಪದಾರ್ಥ. ಹೊಸ 10 ಮೈಕ್ರಾನ್ ಸಾಕ್ ಮೇಲೆ ಎಲ್ಲರೂ ತಪ್ಪು ಹೊರಿಸುತ್ತಾರೆ, ಆದರೆ ಸ್ಪಂಜು ತಿನ್ನುವುದು ಬಹುಪಾಲು ಅದಕ್ಕಿಂತ ಸಣ್ಣದ್ದನ್ನು. ನನ್ನ ಅನುಮಾನ ತೆಳು ನೊರೆ ಎಳೆಯುವ ಸ್ಕಿಮ್ಮರ್ ಮೇಲೆ. ನೊರೆ ಗಟ್ಟಿಯಾಗಿ, ಕಪ್‌ನಲ್ಲಿ ಕಡು ಕಾಫಿ ಬಣ್ಣ ಬರುವಂತೆ ಹಿಂದಕ್ಕೆ ತನ್ನಿ. ಸಾಕ್ ತೆಗೆದುಬಿಟ್ಟರೂ ನಡೆಯುತ್ತದೆ, ಸಾಕ್ ಕಟ್ಟಿ ನೀರು ಮೇಲಿಂದ ಹರಿಯುವ ಕಾಟವೂ ತಪ್ಪುತ್ತದೆ.

ಈ ಅಡಿಯ ಸ್ಪಂಜುಗಳನ್ನು ಉಳಿಸಿಕೊಳ್ಳಬೇಕಾದ ಕಾರಣ ಇದೆ. ಹವಳ, ಪಾಚಿ ನೀರಿಗೆ ಬಿಡುವ ಕರಗಿದ ಸಕ್ಕರೆಯಂಥ ಪದಾರ್ಥವನ್ನು ಸ್ಪಂಜು ಹೀರಿ, ತನ್ನ ಹಳೇ ಕೋಶಗಳನ್ನು ಕಣವಾಗಿ ಉದುರಿಸುತ್ತದೆ. ಆ ಕಣವನ್ನು ಹುಳು, ಸಣ್ಣ ಸೀಗಡಿಗಳು ತಿನ್ನುತ್ತವೆ. ರೀಫ್‌ನಲ್ಲಿ ಇದು ನಡೆಯುವುದನ್ನು 2013ರಲ್ಲಿ ಡಿ ಗೂಯಿ ಮತ್ತು ಸಂಗಡಿಗರು ತೋರಿಸಿದರು. ಟ್ಯಾಂಕ್‌ನಲ್ಲಿ ಈ ಕೊಂಡಿ ಕಡಿದರೆ ಆ ಕರಗಿದ ಪದಾರ್ಥ ಲೋಳೆ ಮಾಡುವ ಬ್ಯಾಕ್ಟೀರಿಯಾಗಳ ಪಾಲಿಗೆ.

ಸಾಯುತ್ತಿರುವ ಸ್ಪಂಜು ಗುರುತಿಸಲು: ಮೇಲೆ ಜೇಡರ ಬಲೆಯಂಥ ಬಿಳಿ ತೆಳು ಪೊರೆ. ಆ ಭಾಗವನ್ನು ನೀರೊಳಗೇ ಕತ್ತರಿಯಿಂದ ಗಟ್ಟಿ ಬಣ್ಣ ಬರುವವರೆಗೆ ಕತ್ತರಿಸಿ ಹೀರಿ ತೆಗೆಯಿರಿ. ಸಂಪಿನ ಗೋಡೆಗೆ ಅಂಟಿದ ಪುಟಾಣಿ ಬಿಳಿ ಅನಾನಸ್ ಆಕಾರದ ಸೈಕಾನ್‌ಗಳು ಬಂದು ಹೋಗುತ್ತಿರುತ್ತವೆ, ಅವಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮಸೂರಕಣ್ಣು

ಮರಳಿನ ಲೋಳೆ ನೋಡಿದರೆ ಡೈನೋಫ್ಲ್ಯಾಜೆಲೇಟ್ (ಏಕಕೋಶದ ಸೂಕ್ಷ್ಮಜೀವಿ, ಚಿಕ್ಕದಾಗಿ ಡೈನೋ) ಅನ್ನಿಸುತ್ತದೆ, ಯಾವ ಡೈನೋ ಅಂತ ಯಾರೂ ಕೇಳಿಲ್ಲ. ಅದನ್ನು ತಿಳಿಯದೆ ಯುವಿ (ನೀರಲ್ಲಿ ತೇಲುವ ಜೀವಿಗಳನ್ನು ಕೊಲ್ಲುವ ಅತಿನೇರಳೆ ದೀಪ) ಕೊಂಡು ದುಡ್ಡು ಕಳೆದುಕೊಳ್ಳುವವರೇ ಜಾಸ್ತಿ.

ಮೊದಲು ಬಾಟಲಿ ಪರೀಕ್ಷೆ. ಲೋಳೆಯನ್ನು ಪಿಚಕಾರಿಯಲ್ಲಿ ಹೀರಿ ಟ್ಯಾಂಕ್ ನೀರಿನ ಜೊತೆ ಬಾಟಲಿಗೆ ಹಾಕಿ ಜೋರಾಗಿ ಅಲ್ಲಾಡಿಸಿ, ಟಿಶ್ಯೂ ಪೇಪರ್‌ನಲ್ಲಿ ಸೋಸಿ. ಸೋಸಿದ ನೀರನ್ನು ಬೆಳಕಿನಡಿ ಒಂದು ಗಂಟೆ ಇಡಿ. ಮತ್ತೆ ದಾರ ಕಟ್ಟಿಕೊಂಡರೆ ಡೈನೋ. ಆಮೇಲೆ ಒಂದು ಹನಿ 400 ಪಟ್ಟು ದೊಡ್ಡದಾಗಿ ಕಾಣುವ ಸೂಕ್ಷ್ಮದರ್ಶಕದಡಿ. ಹನಿ ಆಕಾರದಲ್ಲಿದ್ದು, ಕಾಣದ ದಾರಕ್ಕೆ ಕಟ್ಟಿದಂತೆ ಒಂದೇ ಬಿಂದುವಿನ ಸುತ್ತ ತಿರುಗುತ್ತಿದ್ದರೆ ಆಸ್ಟ್ರಿಯಾಪ್ಸಿಸ್. ಮೊಟ್ಟೆಯಾಕಾರ, ಮುಂದೆ ಸಣ್ಣ ಕೊಕ್ಕು, ಜಾರುತ್ತ ಸಾಗಿದರೆ ಆಂಫಿಡಿನಿಯಂ.

ನಿಮ್ಮ ವಿವರಣೆಯಲ್ಲಿ ದಾರ, ಗುಳ್ಳೆ, ರಾತ್ರಿ ಅರ್ಧ ಮಾಯವಾಗುವುದು ನೋಡಿದರೆ ಆಸ್ಟ್ರಿಯಾಪ್ಸಿಸ್ ಕಡೆಗೆ ವಾಲುತ್ತದೆ. ಅದು ರಾತ್ರಿ ಮರಳು ಬಿಟ್ಟು ನೀರಿಗೇರುತ್ತದೆ, ಯುವಿಗೆ ಸಿಗುವುದು ಆಗಲೇ. ಹವ್ಯಾಸಿಗಳು ಇಟ್ಟುಕೊಳ್ಳುವ ಲೆಕ್ಕ 10, 11 ಲೀಟರ್‌ಗೆ 1 ವ್ಯಾಟ್. ನಿಮಗೆ 36ರಿಂದ 40 ವ್ಯಾಟ್. ನೀರು ಮೇಲಿನ ಟ್ಯಾಂಕ್‌ನಿಂದಲೇ ಎಳೆದು ಅಲ್ಲಿಗೇ ಬಿಡಬೇಕು, ಗಂಟೆಗೆ ಟ್ಯಾಂಕ್ ನೀರಿನ ಒಂದರಿಂದ ಮೂರು ಪಟ್ಟು. ಸಂಪಿನಲ್ಲಿ ಇಟ್ಟರೆ ಬಹುಪಾಲು ಡೈನೋ ಅಲ್ಲಿಗೆ ಬರುವುದೇ ಇಲ್ಲ. ಆಂಫಿಡಿನಿಯಂ ಆದರೆ ಯುವಿಯಿಂದ ಪ್ರಯೋಜನವಿಲ್ಲ, ಅದು ಮರಳು ಬಿಟ್ಟು ಏಳುವುದಿಲ್ಲ. ಅದಕ್ಕೆ ಸಿಲಿಕೇಟ್ ಹಾಕಿ ಡಯಾಟಮ್ (ಸಿಲಿಕಾ ಚಿಪ್ಪಿನ ಸೂಕ್ಷ್ಮ ಪಾಚಿ) ಬೆಳೆಸಿ ಜಾಗ ಕಸಿದುಕೊಳ್ಳಬೇಕು, ತಿಂಗಳುಗಳ ಕೆಲಸ.

ಬಸವನಹುಳುಗಳು ಸಾಯುತ್ತಿವೆಯೇ ನೋಡಿ. ಆಸ್ಟ್ರಿಯಾಪ್ಸಿಸ್ ವಿಷದ್ದು, ಮರಳು ಕೆರೆಯುವ ಹುಳು ಮಗುಚಿ ಬಿದ್ದಿದ್ದರೆ ಕಾರ್ಬನ್ (ವಿಷ ಹೀರುವ ಇದ್ದಿಲು) ಹಾಕಿ.

ರಂಧ್ರಜೀವಿ

ಮಸೂರಕಣ್ಣು ಅವರೇ, ಯುವಿ 24 ಗಂಟೆ ಓಡಿಸಿದರೆ ನೀರಲ್ಲಿ ತೇಲುವ ಬ್ಯಾಕ್ಟೀರಿಯಾ ಕೂಡ ಹೋಗುತ್ತದೆ, ಈಗಾಗಲೇ ಹಸಿದಿರುವ ಹಳದಿ ಸ್ಪಂಜಿನ ತಟ್ಟೆಯಿಂದಲೇ ಅದು. ರಾತ್ರಿ ಲೈಟ್ ಆರಿದ ಮೇಲೆ ಮಾತ್ರ, ಎರಡು ಮೂರು ವಾರ ಸಾಲದೇ?

ಮಸೂರಕಣ್ಣು

ಆಸ್ಟ್ರಿಯಾಪ್ಸಿಸ್ ಎಂದು ಖಚಿತವಾದರೆ ಸಾಕು. ಹೇಗೂ ಹಗಲಲ್ಲಿ ಅದು ಮರಳಿನ ಮೇಲೆಯೇ ಇರುತ್ತದೆ. ಸಿಲಿಕೇಟ್ ದಾರಿಯಾದರೆ ನಿಮ್ಮ ಸ್ಪಂಜಿಗೂ ಪಾಲು ಸಿಗುತ್ತದೆ, ಹೆಚ್ಚಿನ ಸ್ಪಂಜುಗಳ ಮೈಮುಳ್ಳು ಸಿಲಿಕಾದ್ದೇ ಅಲ್ಲವೇ. ಆ ಕಪ್ಪು ಕೊಂಡ್ರಿಲ್ಲಾಗೂ ಸಿಗುತ್ತದೆ ಅನ್ನುವುದು ಮರೆಯಬೇಡಿ.

ಹಳೇಪಂಪು

ರಸಾಯನ ಎಲ್ಲ ಸರಿ. ಏಳು ವರ್ಷದ ಟ್ಯಾಂಕ್‌ನಲ್ಲಿ ನೀರು ಹರಿಯುತ್ತಿದೆಯೇ ಅಂತ ಯಾರೂ ಕೇಳಲಿಲ್ಲ ನೋಡಿ.

ಅಕ್ರೋಪೋರಾ ಪೊದೆಯಾದ ಮೇಲೆ ಮೊದಲ ವರ್ಷದ ಫ್ಲೋ ಈಗ ಹೊರ ಕೊಂಬೆಗಳಲ್ಲೇ ಒಡೆದು ಹೋಗುತ್ತದೆ. ಪಿಚಕಾರಿಯಿಂದ ಪೊದೆಯ ನಡುವೆ ಒಂದು ಸಲ ಊದಿ. ಕಂದು ಹೊಗೆ ಎದ್ದು ಹತ್ತು ಸೆಕೆಂಡಾದರೂ ಅಲ್ಲೇ ಸುತ್ತುತ್ತಿದ್ದರೆ ಅಲ್ಲಿ ಹರಿವಿಲ್ಲ. ಆ ಗಸಿ ಸ್ಪಂಜಿನ ಮೇಲೂ ಕೂತಿರುತ್ತದೆ, ರಂಧ್ರ ಮುಚ್ಚಿಹೋಗಿರುತ್ತದೆ. ಊಟ ಇಲ್ಲ ಅನ್ನುವ ಮುಂಚೆ ಬಾಯಿ ತೆರೆದಿದೆಯೇ ನೋಡಬೇಕು.

ಪಂಪುಗಳನ್ನು ಬಿಚ್ಚಿ, ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಅದರಲ್ಲಿ ಮುಕ್ಕಾಲು ಗಂಟೆ ಓಡಿಸಿ. ಇಲ್ಲದಿದ್ದರೆ ವಿನಿಗರ್, ನೀರು ಸಮಸಮ. ಚಕ್ರದ ಅಕ್ಷದ ರಂಧ್ರದಲ್ಲಿ ಕುಳಿತ ಸುಣ್ಣವನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಬೇಕು, ಆಮ್ಲ ಅಲ್ಲಿಗೆ ಪೂರ್ತಿ ಹೋಗುವುದಿಲ್ಲ. ಎಲ್ಲ ಪಂಪು ಒಂದೇ ದಿನ ಬೇಡ. ಒಮ್ಮೆಲೇ ಫ್ಲೋ ದುಪ್ಪಟ್ಟಾದರೆ ಯೂಫಿಲಿಯಾ ಮಾಂಸ ಎಲುಬಿಗೆ ತಗುಲಿ ಹರಿಯುತ್ತದೆ.

ಮರಳು ಒಂದು ಸಲಕ್ಕೆ ಕಾಲು ಭಾಗ ಮಾತ್ರ ಹೀರಿ, ಅದೂ ಮೇಲ್ಪದರ. ಗಾಜಿನ ಬದಿಯಲ್ಲಿ ಕಪ್ಪು ಪಟ್ಟೆ ಕಂಡ ಜಾಗವನ್ನು ಕೆದಕಬೇಡಿ, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅಲ್ಲಿಂದಲೇ ಬರುವುದು.

ಅಕ್ರೋಪೋರಾ ಕತ್ತರಿಸಿ ದಾರಿ ಮಾಡಬೇಕು, ಆದರೆ ತುದಿ ಸುಟ್ಟಿರುವಾಗ ಬೇಡ. ಕೆಎಚ್ 8ರಲ್ಲಿ ಎರಡು ವಾರ ನಿಂತ ಮೇಲೆ ವಾರಕ್ಕೆ ಒಂದೇ ಪೊದೆ. ಒಂದು ದೊಡ್ಡ ಪೊದೆ ಅರ್ಧ ಕತ್ತರಿಸಿದರೆ ಕೆಎಚ್ ಬಳಕೆಯೂ ಇಳಿಯುತ್ತದೆ. ಡೋಸರ್ ಹಾಗೇ ಬಿಟ್ಟರೆ ಮತ್ತೆ ಇದೇ ಪ್ರಶ್ನೆ ಕೇಳಲು ಬರುತ್ತೀರಿ.

ಲೆದರ್ ಹವಳ, ಅಕ್ರೋಪೋರಾ ಒಂದೇ ನೀರಲ್ಲಿ ಇದ್ದ ಮೇಲೆ ಕಾರ್ಬನ್ ಕಾಯಂ ಬೇಕು, ಲೆದರ್ ಬಿಡುವ ಟರ್ಪೀನ್ ಎಂಬ ರಾಸಾಯನಿಕಗಳು ಮಿಕ್ಕ ಹವಳವನ್ನು ಕುಗ್ಗಿಸುತ್ತವೆ. ಇಷ್ಟು ದಿನ ಹಾಕಿಲ್ಲದಿದ್ದರೆ ಅರ್ಧ ಅಳತೆಯಿಂದ ಶುರು ಮಾಡಿ. ಹಳೇ ನೀರಿಗೆ ನಮಗೆ ಕಾಣದ ಹಳದಿ ಛಾಯೆ ಇರುತ್ತದೆ. ಕಾರ್ಬನ್ ಅದನ್ನು ಎರಡು ದಿನದಲ್ಲಿ ತೆಗೆದರೆ ಲೈಟ್ ಮುಟ್ಟದೆಯೇ ಬೆಳಕು ಏರಿದಂತೆ, ಹವಳ ಬಿಳಿಚುತ್ತದೆ. ಬಿಳಿ ಹಾಳೆಯ ಮುಂದೆ ಒಂದು ಬಕೆಟ್ ಹೊಸ ಉಪ್ಪುನೀರು, ಒಂದು ಬಕೆಟ್ ಟ್ಯಾಂಕ್ ನೀರು ಇಟ್ಟರೆ ಛಾಯೆ ಕಣ್ಣಿಗೆ ಕಾಣುತ್ತದೆ.

ಇನ್ನೊಂದು. ಆ ಪ್ಯಾಲಿಥೋವಾ ಕಲ್ಲನ್ನು ಎಂದೂ ಕುದಿಸಬೇಡಿ, ಬಿಸಿನೀರು ಸುರಿಯಬೇಡಿ, ಒಣ ಬ್ರಷ್ಷಿನಿಂದ ಉಜ್ಜಬೇಡಿ. ಅದರ ವಿಷ ಪ್ಯಾಲಿಟಾಕ್ಸಿನ್ ಆವಿಯಲ್ಲಿ, ತುಂತುರಿನಲ್ಲಿ ಉಸಿರಿಗೆ ಹೋಗಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕೈಗವಸು, ಕಣ್ಣಿಗೆ ಕನ್ನಡಕ, ಕೈಯಲ್ಲಿ ಗಾಯ ಇದ್ದರೆ ಆ ದಿನ ಬೇಡ.

ರಿಫ್ರಾಕ್ಟೋಮೀಟರ್ (ಉಪ್ಪಿನಂಶ ಅಳೆಯುವ ಉಪಕರಣ) ಯಾವುದರಿಂದ ಸೊನ್ನೆ ಮಾಡುತ್ತೀರಿ? ಆರ್‌ಒ ನೀರಿನಿಂದ ಆದರೆ ಆ 35 ನಂಬಬೇಡಿ. 35 ಪಿಪಿಟಿ ದ್ರಾವಣದಿಂದಲೇ ಹೊಂದಿಸಬೇಕು.

ಉಪ್ಪುನೀರು400

ಎಲ್ಲರಿಗೂ ಧನ್ಯವಾದ. 24 ಗಂಟೆಯ ಅಳತೆ: 10.4ರಿಂದ 9.6, ಎರಡು ಸಲ ನೋಡಿದೆ. ಹೊಸ ಉಪ್ಪುನೀರು 11.3 ಬಂತು. ರಿಫ್ರಾಕ್ಟೋಮೀಟರ್ ದ್ರಾವಣದಲ್ಲಿ 36 ತೋರಿಸಿತು, ಸರಿಪಡಿಸಿದೆ, ಅಂದರೆ ಟ್ಯಾಂಕ್ 34. ಸೂಕ್ಷ್ಮದರ್ಶಕದಲ್ಲಿ ಹನಿ ಆಕಾರ, ಗಿರಗಿರ ತಿರುಗುತ್ತಿದೆ. ಎರಡು ಪ್ರಶ್ನೆ: ಡೋಸರ್‌ಗೆ ಈಗ ಎಷ್ಟು ಹಾಕಲಿ? ಕಾಲೆರ್ಪಾ ಎಲೆಯಲ್ಲಿ ಚುಕ್ಕೆ ಚುಕ್ಕೆ ಕಾಣುತ್ತಿದೆ, ನೆರಳೋ ನಿಜವೋ ಗೊತ್ತಾಗುತ್ತಿಲ್ಲ.

ಕೆಎಚ್_ಲೆಕ್ಕ

ಬಳಕೆ 0.8. ನಾಲ್ಕು ದಿನ ಅರ್ಧ, ಅಂದರೆ ದಿನಕ್ಕೆ 0.4 ಹಾಕಿ: ಅಡಿಗೆ ಸೋಡಾ ಲೆಕ್ಕದಲ್ಲಿ 4.8 ಗ್ರಾಂ. ದಿನಕ್ಕೆ 0.4ರಂತೆ ಇಳಿದು 8.0ಕ್ಕೆ ಬರುತ್ತದೆ. ಐದನೇ ದಿನದಿಂದ 0.8, ಅಂದರೆ 9.6 ಗ್ರಾಂ; ಅದಕ್ಕೆ ಜೋಡಿ ಕ್ಯಾಲ್ಸಿಯಂ 5.7 ಪಿಪಿಎಂ, ಡೈಹೈಡ್ರೇಟ್ 8.4 ಗ್ರಾಂ. ನೈಟ್ರೇಟ್ ಸಿಕ್ಕ ಹವಳ ಮತ್ತೆ ಬೆಳೆಯಲು ಶುರು ಮಾಡಿದರೆ ಬಳಕೆ ಏರುತ್ತದೆ, ಈ ಸಲ ಕೆಎಚ್ ಕೆಳಗೆ ಬೀಳುವ ಅಪಾಯ. ತಿಂಗಳ ಮಟ್ಟಿಗೆ ದಿನಾ ಅಳೆಯಿರಿ. ಪಾಚಿ 50 ಪಿಪಿಎಂ ನೈಟ್ರೇಟ್ ತಿಂದರೆ ಕೆಎಚ್ 2.3ರಷ್ಟು ಏರುತ್ತದೆ, ವಾರಕ್ಕೆ 5 ಹಾಕಿದರೆ 0.2, ಲೆಕ್ಕದಲ್ಲಿರಲಿ.

ಉಪ್ಪಿನಂಶ 34ರಿಂದ 35ಕ್ಕೆ ವಾರವಿಡೀ ಏರಲಿ. ಆವಿಯಾದ ನೀರಿಗೆ ಬದಲು ಮೂರು ಸಲ ಉಪ್ಪುನೀರು ಹಾಕಿದರೆ ಸಾಕು. ಅದು 11.3 ಕೆಎಚ್ ಹೊತ್ತು ಬರುವುದರಿಂದ ಸಲಕ್ಕೆ 4 ಲೀಟರ್ ಮೀರಬೇಡಿ.

ಪಾಚಿಬುಟ್ಟಿ

ಎಲೆಯನ್ನು ಟಾರ್ಚ್‌ಗೆ ಅಡ್ಡ ಹಿಡಿಯಿರಿ. ನೆರಳಾದರೆ ಬೆಳಕು ಸರಿದಾಗ ಚುಕ್ಕೆ ಸರಿಯುತ್ತದೆ. ಬಲೆಯಂತೆ ಎಲೆಯಲ್ಲೇ ಅಂಟಿದ್ದರೆ ನಾಳೆ ಬೆಳಗ್ಗೆಯೇ ಬಿಡುತ್ತದೆ. ಇವತ್ತು ರಾತ್ರಿಯೊಳಗೆ ಪೂರ್ತಿ ಎಳೆದು ತೆಗೆಯಿರಿ. ಸ್ಕಿಮ್ಮರ್ ಕಪ್ ಖಾಲಿ ಮಾಡಿ, ಸಂಪಿನಲ್ಲಿ ಒಂದು ಏರ್ ಸ್ಟೋನ್ ಬಿಡಿ, ಹಳೇಪಂಪು ಹೇಳಿದ ಅರ್ಧ ಅಳತೆ ಕಾರ್ಬನ್ ಇವತ್ತೇ ಹಾಕಿ. ನೈಟ್ರೇಟ್ ನಾಳೆಯಿಂದಲ್ಲ, ನೀರು ತಿಳಿಯಾದ ಮೇಲೆ.